ಉಪ್ಪನ ಓಮ್ನಿಯಲ್ಲಿ ಎಷ್ಟು ಕುದುರೆ?

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಪಿಯುಸಿಗೆ ವಿಜ್ಞಾನ ತೆಗೆದುಕೊಂಡವರಿಗೆ ಗೊತ್ತಿರುತ್ತದೆ, ಮೊದಲ ಮೂರು ತಿಂಗಳು ನಾವು ಭೌತಶಾಸ್ತ್ರಕ್ಕಿಂತ ಹೆಚ್ಚಾಗಿ ಇಂಗ್ಲಿಷನ್ನೇ ಓದುತ್ತಿರುತ್ತೇವೆ. ‘ಎಕ್ಸಲರೇಶನ್’ ಎಂದರೆ ನಮ್ಮ ಹಳೆಯ ವೇಗೋತ್ಕರ್ಷವೇ, ‘ಮಾಸ್’ ಎಂದರೆ ದ್ರವ್ಯರಾಶಿಯೇ, ‘ಪವರ್’ ಎಂದರೆ ಸಾಮರ್ಥ್ಯವೇ ಎಂದು ಮನಸ್ಸಿನಲ್ಲಿ ತರ್ಜುಮೆ ಮಾಡಿಕೊಳ್ಳುವಷ್ಟರಲ್ಲಿ ಮೇಡಂ ಮುಂದಿನ ಲೆಕ್ಕಕ್ಕೆ ಹೋಗಿರುತ್ತಾರೆ. ಕೆಲಸ, ಶಕ್ತಿ, ಸಾಮರ್ಥ್ಯದ ಪಾಠ ನನಗೆ ಸರಿಯಾಗಿ ತಲೆಗೆ ಹೋದದ್ದು ಕಳೆದ ಅಕ್ಟೋಬರಿನಲ್ಲಿ, ನಮ್ಮ ಮನೆಯ ಓಮ್ನಿಯ ಮುಂದಿನ ಸೀಟಿನಲ್ಲಿ ಕುಳಿತಾಗ. ಆ ಲೆಕ್ಕವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಪ್ರಥಮ ಪಿಯುಸಿಯವರು ಹೆದರಬೇಕಾಗಿಲ್ಲ, ನಿಮಗೆ ಈಗಾಗಲೇ ಗೊತ್ತಿರುವ ಮೂರೋ ನಾಲ್ಕೋ ಸೂತ್ರಗಳು ಮಾತ್ರ ಇದರಲ್ಲಿವೆ. ವಾಣಿಜ್ಯ ವಿಭಾಗದ ಗೆಳತಿಯರೂ ಓದಬಹುದು, ಕೊನೆಗೆ ಹಣದ ಲೆಕ್ಕವೂ ಬರುತ್ತದೆ.

ಓಮ್ನಿ ಎಂದರೆ ಏನೆಂದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು, ಆಮೇಲೆ ಓಮ್ನಿ ಆಗಿ, 2019ರಲ್ಲಿ ತಯಾರಿಕೆ ನಿಂತುಹೋದ ಗಾಡಿ ಅದು. ಶಾಲೆ ಮಕ್ಕಳು, ಮೀನಿನ ಬಾಕ್ಸ್, ಮದುವೆ ಮನೆಯ ಬಿರಿಯಾನಿ ಚೆಂಬು, ಎಲ್ಲವೂ ಅದರಲ್ಲಿ ಹೋಗಿವೆ. ಮುಂದಿನ ಸೀಟಿನ ಅಡಿಯಲ್ಲಿ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಇದೆ, ಎಳೆಯುವುದು ಹಿಂದಿನ ಚಕ್ರಗಳು. ಹೊಸತರಲ್ಲಿ ಎಂಜಿನ್ನಿನ ಸಾಮರ್ಥ್ಯ ಸುಮಾರು 35 ಎಚ್‌ಪಿ, ಅದೂ ನಿಮಿಷಕ್ಕೆ 5,000 ಸುತ್ತು ತಿರುಗುವಾಗ. ಈಗಿನ ಸಣ್ಣ ಕಾರುಗಳಲ್ಲೂ ಇದರ ಎರಡರಷ್ಟು ಇರುತ್ತದೆ.

ನಮ್ಮದು ಹಳೆಯ ಗಾಡಿ, 13 ವರ್ಷವಾಗಿದೆ. ಉಪ್ಪ ಬೆಳಿಗ್ಗೆ, ಸಂಜೆ ಅದರಲ್ಲಿ ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ, ನಡುವೆ ಸಿಕ್ಕಿದರೆ ಬಾಡಿಗೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿ ಏರು ಹತ್ತಲು ಕಷ್ಟಪಡತೊಡಗಿತು. ಶಾಲೆಯ ಹತ್ತಿರ ಒಂದು ಕಡಿದಾದ ಏರು ಇದೆ. ಮೊದಲು ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಈಗ ಅರ್ಧದಲ್ಲಿ ಸುಸ್ತಾಗಿ ಒಂದನೇ ಗೇರು ಬೇಡುತ್ತಿತ್ತು. ಮೈಲೇಜೂ ಇಳಿದಿತ್ತು. ಒಂದು ಗ್ಯಾರೇಜಿನವರು ಶಬ್ದ ಕೇಳಿಯೇ “ಎಂಜಿನ್ ಹೋಗಿದೆ, ಬಿಚ್ಚಿ ಬೋರ್ ಮಾಡಿಸಬೇಕು, 28 ಸಾವಿರ ಬೇಕು” ಎಂದರು.

28 ಸಾವಿರ ಎಂದರೆ ಉಮ್ಮ ಚೀಟಿ ಕಟ್ಟಿ ನನ್ನ ಸಿಇಟಿ ಕೋಚಿಂಗಿಗೆಂದು ಇಟ್ಟಿದ್ದ ಹಣ, ಮತ್ತು ಅದಕ್ಕಿಂತ ಸ್ವಲ್ಪ ಹೆಚ್ಚು. ಮನೆಯಲ್ಲಿ ಎರಡು ದಿನ ಬೇರೆ ಬೇರೆ ಮಾತು ನಡೆಯಿತು. ಗಾಡಿ ಮಾರಿದರೆ ಎಷ್ಟು ಸಿಗಬಹುದು, ಮಾಮನ ಹತ್ತಿರ ಸಾಲ ಕೇಳುವುದಾ, ಉಪ್ಪ ಮತ್ತೆ ಗಲ್ಫಿಗೆ ವೀಸಾ ನೋಡುವುದಾ. ಕೊನೆಯ ಮಾತು ಬಂದಾಗ ಉಮ್ಮ ಎದ್ದು ಅಡುಗೆ ಕೋಣೆಗೆ ಹೋದರು. ನಾನು ಆಗ ಹೇಳಿದ್ದು ಇಷ್ಟೇ: “ಉಪ್ಪ, ಎಂಜಿನ್ ಎಷ್ಟು ಕೆಲಸ ಮಾಡ್ತಾ ಉಂಟು ಅಂತ ಅಳೀಬಹುದು. ಬಿಚ್ಚಬೇಕು ಅಂತ ಇಲ್ಲ.”

“ಏನಲ್ಲಿ ಅಳೆಯುವುದು?”

“ವಾಚಿನಲ್ಲಿ.”

ಉಪ್ಪ ನಕ್ಕರು. ಆದರೆ ಬೇಡ ಎನ್ನಲಿಲ್ಲ.

ಗಾಡಿಯ ಹತ್ತಿರ ಹೋಗುವ ಮೊದಲು ಎಚ್‌ಪಿ ಎಂದರೆ ಏನೆಂದು ಹೇಳಿಬಿಡುತ್ತೇನೆ, ಏಕೆಂದರೆ ಈ ಪದವನ್ನು ಎಲ್ಲರೂ ಬಳಸುತ್ತಾರೆ, ಕುದುರೆಯನ್ನು ಯಾರೂ ಯೋಚಿಸುವುದಿಲ್ಲ. ಜೇಮ್ಸ್ ವ್ಯಾಟ್ ತನ್ನ ಉಗಿ ಎಂಜಿನ್ನುಗಳನ್ನು ಮಾರುವಾಗ ಗಿರಾಕಿಗಳಿಗೆ ಅರ್ಥವಾಗುವ ಅಳತೆ ಬೇಕಿತ್ತು. ಅವರ ಬಳಿ ಇದ್ದದ್ದು ಕುದುರೆಗಳು. ಹಾಗಾಗಿ ಒಂದು ಕುದುರೆ ಮಾಡುವ ಕೆಲಸದ ವೇಗದೊಂದಿಗೆ ಎಂಜಿನ್ನನ್ನು ಹೋಲಿಸಿದ. ಮೆಟ್ರಿಕ್ ಲೆಕ್ಕದಲ್ಲಿ ಇದು ಬಹಳ ಸುಲಭ: 75 ಕೆ.ಜಿ. ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತುವುದು. 75ನ್ನು 9.8ರಿಂದ ಗುಣಿಸಿದರೆ 735 ವ್ಯಾಟ್. ನಮ್ಮ ಉಪ್ಪನಿಗಿಂತ ಸ್ವಲ್ಪ ದಪ್ಪ ಇರುವ ಒಬ್ಬರನ್ನು ಸೆಕೆಂಡಿಗೊಂದು ಮೀಟರಿನಂತೆ ಎತ್ತುತ್ತಲೇ ಇರಬೇಕು, ನಿಲ್ಲಿಸಬಾರದು.

ಇದು ಎಷ್ಟೆಂದು ತಿಳಿಯಲು ನಾನು ಕಾಲೇಜಿನ ಮೆಟ್ಟಿಲಲ್ಲೇ ನೋಡಿದೆ. ಕೆಳಗಿನಿಂದ ಮೊದಲ ಮಹಡಿಗೆ 21 ಮೆಟ್ಟಿಲು, ಒಂದೊಂದೂ 16 ಸೆಂಟಿಮೀಟರ್. ಒಟ್ಟು ಎತ್ತರ 3.36 ಮೀಟರ್. ನನ್ನ ತೂಕ 45 ಕೆ.ಜಿ. ಮೇಲೆ ಹತ್ತಲು ಬೇಕಾದ ಕೆಲಸ 45 × 9.8 × 3.36, ಅಂದರೆ ಸುಮಾರು 1,480 ಜೂಲ್. ಬುರ್ಖಾ ಎತ್ತಿ ಹಿಡಿದು ಓಡಿದೆ, ಗೆಳತಿ ಸಮಯ ನೋಡಿದಳು, 5 ಸೆಕೆಂಡ್. 1,480ನ್ನು 5ರಿಂದ ಭಾಗಿಸಿದರೆ 296 ವ್ಯಾಟ್. ಅರ್ಧ ಕುದುರೆಯೂ ಅಲ್ಲ, 0.4. ಅಷ್ಟಕ್ಕೇ ನನಗೆ ಮೇಲೆ ನಿಂತು ಎರಡು ನಿಮಿಷ ಮಾತನಾಡಲು ಆಗಲಿಲ್ಲ. (ಲೈಬ್ರರಿಯ ಮೇಡಂ ಕೇಳಿದಾಗಲೂ ಉತ್ತರಿಸದೆ ನಿಂತದ್ದಕ್ಕೆ ಕಾರಣ ಅದೇ.) ನೀವೂ ಮಾಡಿ ನೋಡಿ, ಆದರೆ ಬೆಲ್ ಹೊಡೆಯುವ ಸಮಯದಲ್ಲಿ ಬೇಡ.

ಈಗ ಗಾಡಿ. ಒಂದು ವಾಹನದ ಎಂಜಿನ್ ಎಷ್ಟು ಸಾಮರ್ಥ್ಯ ಕೊಡುತ್ತಿದೆ ಎಂದು ತಿಳಿಯಲು ಅದು ಎಷ್ಟು ಬೇಗ ವೇಗ ಹೆಚ್ಚಿಸಿಕೊಳ್ಳುತ್ತದೆ ಎಂದು ನೋಡಿದರೆ ಸಾಕು. ವೇಗದ ಹೆಚ್ಚಳವನ್ನು ಸಮಯದಿಂದ ಭಾಗಿಸಿದರೆ ವೇಗೋತ್ಕರ್ಷ. ಅದನ್ನು ದ್ರವ್ಯರಾಶಿಯಿಂದ ಗುಣಿಸಿದರೆ ಬಲ, ಇದು ನ್ಯೂಟನ್ನನ ಎರಡನೇ ನಿಯಮ. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ. ನಿಂತಲ್ಲಿಂದ 60 ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡ್ ಎಂದು ಕಾರಿನ ಜಾಹೀರಾತುಗಳಲ್ಲಿ ಹೇಳುತ್ತಾರಲ್ಲ, ಆ ರೀತಿಯ ಅಳತೆ ನನಗೆ ಬೇಡವಾಗಿತ್ತು. ಅದರಲ್ಲಿ ಕ್ಲಚ್ ಬಿಡುವ ಕೈಚಳಕ (ಕಾಲುಚಳಕ ಎನ್ನಬೇಕು), ಗೇರು ಬದಲಿಸುವ ಹೊತ್ತು ಎಲ್ಲ ಸೇರಿಬಿಡುತ್ತದೆ. ಒಂದೇ ಗೇರಿನಲ್ಲಿ, ಗೇರು ಬದಲಿಸದೆ, 30ರಿಂದ 50 ಕಿ.ಮೀ. ವೇಗಕ್ಕೆ ಹೋಗುವ ಸಮಯ ಹೆಚ್ಚು ಪ್ರಾಮಾಣಿಕ. ಎರಡನೇ ಗೇರು ಆರಿಸಿಕೊಂಡೆ, ಏಕೆಂದರೆ ದೂರು ಇದ್ದದ್ದೂ ಎರಡನೇ ಗೇರಿನ ಬಗ್ಗೆ.

ಸ್ಪೀಡೋಮೀಟರನ್ನು ಹಾಗೇ ನಂಬುವಂತಿಲ್ಲ. ಅವು ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವಂತೆಯೇ ಇರುತ್ತವೆ, ಕಡಿಮೆ ತೋರಿಸಬಾರದು ಎಂಬ ನಿಯಮ ಇರುವುದರಿಂದ. ಫೋನಿನ ಜಿಪಿಎಸ್ ಆ್ಯಪ್ ಹಾಕಿ ಒಂದೇ ವೇಗದಲ್ಲಿ ಹೋಗಿ ನೋಡಿದಾಗ ನಮ್ಮ ಗಾಡಿಯ ಮುಳ್ಳು 32ರಲ್ಲಿದ್ದಾಗ ನಿಜವಾದ ವೇಗ 30, ಮುಳ್ಳು 54ರಲ್ಲಿದ್ದಾಗ 50. ಗಾಜಿನ ಮೇಲೆ ಆ ಎರಡು ಜಾಗದಲ್ಲಿ ಬಿಳಿ ಟೇಪಿನ ಚಿಕ್ಕ ಚೂರು ಅಂಟಿಸಿದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಹಾಗಾಗಿ ವೇಗದಲ್ಲಿ ನೂರಕ್ಕೆ 8ರ ವ್ಯತ್ಯಾಸ ಬಂದರೆ ಶಕ್ತಿಯ ಲೆಕ್ಕದಲ್ಲಿ ನೂರಕ್ಕೆ 16ರಷ್ಟು ಬರುತ್ತದೆ. ಸಮಯ ನೋಡಲು ವಾಚಿಗಿಂತ ಒಳ್ಳೆಯ ಉಪಾಯ ಸಿಕ್ಕಿತು: ಮುಳ್ಳಿನ ವಿಡಿಯೋ ತೆಗೆದು, ಮನೆಗೆ ಬಂದು ನಿಧಾನಕ್ಕೆ ಓಡಿಸಿ ನೋಡುವುದು. ವಿಡಿಯೋದಲ್ಲಿ ಸೆಕೆಂಡಿಗೆ 30 ಚಿತ್ರಗಳಿರುತ್ತವೆ. ನಮ್ಮ ಬೆರಳು ಅಷ್ಟು ಚುರುಕಲ್ಲ.

ಇನ್ನೊಂದು ಮಾತು ನಮ್ಮ ಭೌತಶಾಸ್ತ್ರದ ಮೇಡಂ ಹೇಳಿದ್ದು. “ರಸ್ತೆ ಮಟ್ಟಸ ಅಂತ ಕಣ್ಣಿಗೆ ಕಾಣುತ್ತದೆ, ಇರುವುದಿಲ್ಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದು ಸರಾಸರಿ ತೆಗೆ.” ಒಂದು ಕಡೆಗೆ ಇಳಿಜಾರು ಸಹಾಯ ಮಾಡಿದ್ದನ್ನು ಇನ್ನೊಂದು ಕಡೆಗೆ ಅದೇ ಕಸಿದುಕೊಳ್ಳುತ್ತದೆ.

ಒಂದು ಭಾನುವಾರ ಸುಬ್‌ಹಿ ನಮಾಝಿನ ನಂತರ, ಗದ್ದೆಯ ಬದಿಯಲ್ಲಿ ಮುಕ್ಕಾಲು ಕಿಲೋಮೀಟರ್ ನೇರವಾಗಿ ಹೋಗುವ ರಸ್ತೆಗೆ ಹೋದೆವು. ಅಷ್ಟು ಹೊತ್ತಿಗೆ ಅಲ್ಲಿ ಹಾಲಿನ ಗಾಡಿ ಬಿಟ್ಟರೆ ಏನೂ ಇರುವುದಿಲ್ಲ. ಅದು ಹೋದ ಮೇಲೆ ಶುರು ಮಾಡಿದೆವು. ಓಡಿಸಿದ್ದು ಉಪ್ಪ, ನಾನು ಫೋನ್ ಹಿಡಿದೆ. ಓಮ್ನಿಯ ತೂಕ 785 ಕೆ.ಜಿ., ಉಪ್ಪ 70, ನಾನು 45. ಒಟ್ಟು 900 ಕೆ.ಜಿ. ಲೆಕ್ಕಕ್ಕೆ ಇಷ್ಟು ಸುಲಭದ ಸಂಖ್ಯೆ ಪಬ್ಲಿಕ್ ಪರೀಕ್ಷೆಯಲ್ಲೂ ಕೊಡುವುದಿಲ್ಲ.

ಹೋಗುವಾಗ 30ರಿಂದ 50ಕ್ಕೆ 3.9 ಸೆಕೆಂಡ್, ಬರುವಾಗ 4.1. ಸರಾಸರಿ 4. ಗಂಟೆಗೆ 20 ಕಿ.ಮೀ. ಎಂದರೆ ಸೆಕೆಂಡಿಗೆ 5.56 ಮೀಟರ್. ಅದನ್ನು 4ರಿಂದ ಭಾಗಿಸಿದರೆ ವೇಗೋತ್ಕರ್ಷ 1.39. 900ರಿಂದ ಗುಣಿಸಿದರೆ ಬಲ 1,250 ನ್ಯೂಟನ್. ನಡುವಿನ ವೇಗ 40 ಕಿ.ಮೀ., ಅಂದರೆ ಸೆಕೆಂಡಿಗೆ 11.1 ಮೀಟರ್. ಗುಣಿಸಿದರೆ ಸುಮಾರು 13,900 ವ್ಯಾಟ್. 735ರಿಂದ ಭಾಗಿಸಿದರೆ 19 ಕುದುರೆ.

ಉಪ್ಪ ಸಂಖ್ಯೆ ಕೇಳಿ ಸುಮ್ಮನಾದರು. 35ರಲ್ಲಿ 19 ಎಂದರೆ ಗ್ಯಾರೇಜಿನವರು ಹೇಳಿದ್ದೇ ಸರಿ ಎಂದು ಅವರ ಮುಖದಲ್ಲಿ ಕಂಡಿತು. ಆದರೆ ಈ 19 ಎಂಬುದು ಉಳಿತಾಯ ಮಾತ್ರ, ಆದಾಯ ಬೇರೆ. ಎಂಜಿನ್ ಕೊಟ್ಟದ್ದರಲ್ಲಿ ಗಾಳಿಗೆ, ಟಯರಿಗೆ, ಗೇರುಗಳಿಗೆ ಹೋದದ್ದು ಹೋಗಿ, ಉಳಿದದ್ದರಲ್ಲಿ ಗಾಡಿ ವೇಗ ಪಡೆಯಿತು. ಸಂಬಳ ಎಷ್ಟೆಂದು ತಿಳಿಯಬೇಕಾದರೆ ಖರ್ಚೂ ಗೊತ್ತಿರಬೇಕು. “ಖರ್ಚು ನೋಡುವುದು ಹೇಗೆ?” ಎಂದರು. ಖರ್ಚು ನೋಡುವುದು ಇನ್ನೂ ಸುಲಭ. ಸಂಬಳ ನಿಲ್ಲಿಸಿಬಿಡುವುದು.

ಮಟ್ಟಸ ರಸ್ತೆಯಲ್ಲಿ 50ರ ಮೇಲೆ ಹೋಗಿ, ಎಂಜಿನ್ ಆಫ್ ಮಾಡದೆ, ಗೇರನ್ನು ನ್ಯೂಟ್ರಲಿಗೆ ಹಾಕಿ, ಬ್ರೇಕ್ ಮುಟ್ಟದೆ ಬಿಡುವುದು. ಗಾಡಿ ತಾನಾಗಿ 50ರಿಂದ 30ಕ್ಕೆ ಇಳಿಯಲು ಎಷ್ಟು ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದು ನೋಡುವುದು. ಅಷ್ಟೇ. (ಘಾಟಿಯಲ್ಲಿ, ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವವರಿದ್ದಾರೆ. ಅದು ಬೇರೆ ವಿಷಯ, ಅಲ್ಲಿ ಎಂಜಿನ್ನಿನ ತಡೆ ಇಲ್ಲದೆ ಬ್ರೇಕ್ ಕಾದು ಹೋಗುತ್ತದೆ. ಮಾಡಬೇಡಿ, ಮಾಡುವವರ ಗಾಡಿಯಲ್ಲಿ ಕೂರಬೇಡಿ.)

ಒಂದು ಕಡೆಗೆ 9.5 ಸೆಕೆಂಡ್, ಇನ್ನೊಂದು ಕಡೆಗೆ 11. ಎರಡರ ಸರಾಸರಿ ತೆಗೆದರೆ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 0.545 ಮೀಟರಿನಂತೆ ವೇಗ ಕಳೆಯುತ್ತಿದೆ. 900ರಿಂದ ಗುಣಿಸಿದರೆ ತಡೆಯುವ ಬಲ 490 ನ್ಯೂಟನ್.

ಇದು ಹೆಚ್ಚೋ ಕಡಿಮೆಯೋ? ಅಲ್ಲೇ ರಸ್ತೆ ಬದಿಯಲ್ಲಿ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಒಳ್ಳೆಯ ರಸ್ತೆಯಲ್ಲಿ ಟಯರ್ ಉರುಳಲು ತಗಲುವ ತಡೆ ಗಾಡಿಯ ಭಾರದ ನೂರಕ್ಕೆ ಒಂದೂಕಾಲು, ಒಂದೂವರೆ ಪಾಲಿನಷ್ಟು. 900 × 9.8 × 0.013 ಎಂದರೆ 115 ನ್ಯೂಟನ್. ಗಾಳಿಗೆ: ಓಮ್ನಿಯ ಮುಖ ಗೋಡೆಯ ಹಾಗೆ ಚಪ್ಪಟೆ, ಎದುರಿನಿಂದ ನೋಡಿದರೆ ಹೆಚ್ಚು ಕಡಿಮೆ ಎರಡು ಚದರ ಮೀಟರ್. ಆಕಾರದ ಅಂಕೆಯನ್ನು ಧಾರಾಳವಾಗಿ 0.5 ಎಂದು ಹಿಡಿದೆ. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕೆ.ಜಿ. ಅರ್ಧ × 1.2 × 0.5 × 2 × 11.1ರ ವರ್ಗ, ಇದು 74 ನ್ಯೂಟನ್. ಎರಡೂ ಸೇರಿ 190 ಆಗುತ್ತದೆ. ಗೇರುಬಾಕ್ಸಿನ ಆಯಿಲು, ಬೇರಿಂಗು ಎಂದು ಇನ್ನೊಂದಿಷ್ಟು ಸೇರಿಸಿದರೂ 200 ಅಥವಾ 220. ನಮ್ಮದು 490.

ಮಿಕ್ಕ 270 ಎಲ್ಲಿ ಹೋಗುತ್ತಿದೆ? ನನ್ನ 0.013ಕ್ಕೆ ಬದಲು 0.015 ಹಾಕಿದರೂ, ಗಾಳಿಗೆ ಇನ್ನೊಂದಿಷ್ಟು ಕೊಟ್ಟರೂ ಇಷ್ಟು ಅಂತರ ಮುಚ್ಚುವುದಿಲ್ಲ. 40 ಕಿ.ಮೀ. ವೇಗದಲ್ಲಿ 270 ನ್ಯೂಟನ್ ಎಂದರೆ 3,000 ವ್ಯಾಟ್. ಮೂರು ಇಸ್ತ್ರಿ ಪೆಟ್ಟಿಗೆಗಳನ್ನು ಒಟ್ಟಿಗೆ ಹಚ್ಚಿಟ್ಟ ಹಾಗೆ. ಶಕ್ತಿ ನಾಶವಾಗುವುದಿಲ್ಲ, ಹಾಗಾಗಿ ಗಾಡಿಯ ಎಲ್ಲೋ ಒಂದು ಕಡೆ ಮೂರು ಇಸ್ತ್ರಿ ಪೆಟ್ಟಿಗೆಯ ಬಿಸಿ ಇರಲೇಬೇಕು. ನಾನು ಇದನ್ನು ಹೇಳಿದ್ದೇ ತಡ ಉಪ್ಪ ಇಳಿದು ಹಿಂದಕ್ಕೆ ಹೋದರು. ನೀರಿನ ಬಾಟಲಿಯಿಂದ ನಾಲ್ಕು ಹನಿ ಕೈಗೆ ತೆಗೆದುಕೊಂಡು ಹಿಂದಿನ ಚಕ್ರದ ನಡುವೆ ಚಿಮುಕಿಸಿದರು. ಚುಂಯ್ ಎಂದಿತು. ಇನ್ನೊಂದು ಚಕ್ರದಲ್ಲೂ ಹಾಗೇ. ಮುಂದಿನ ಎರಡರಲ್ಲಿ ನೀರು ಸುಮ್ಮನೆ ಇಳಿದು ಹೋಯಿತು.

“ಹ್ಯಾಂಡ್‌ಬ್ರೇಕ್,” ಎಂದರು ಉಪ್ಪ. “ಸುಟ್ಟ ವಾಸನೆ ಬರ್ತಿತ್ತು. ನಾನು ಕ್ಲಚ್ಚಿನದ್ದು ಅಂತ ಇದ್ದೆ.”

ನಾಲ್ಕು ತಿಂಗಳು ಸುರಿದ ಮಳೆ, ಕಡಲ ಬದಿಯ ಉಪ್ಪು ಗಾಳಿ, 13 ವರ್ಷದ ಕೇಬಲ್. ಒಳಗೆ ತುಕ್ಕು ಹಿಡಿದು, ಲಿವರ್ ಕೆಳಗಿಳಿಸಿದರೂ ಕೇಬಲ್ ಪೂರ್ತಿ ಹಿಂದಕ್ಕೆ ಸರಿಯುತ್ತಿರಲಿಲ್ಲ. ಹಿಂದಿನ ಡ್ರಮ್ಮಿನಲ್ಲಿ ಬ್ರೇಕ್ ಶೂ ಸದಾ ಉಜ್ಜಿಕೊಂಡೇ ಇತ್ತು. ಉಪ್ಪ ಎರಡು ತಿಂಗಳಿನಿಂದ ಬ್ರೇಕ್ ಹಾಕಿಕೊಂಡೇ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದರು.

ಎಂಜಿನ್ನಿನ ಪ್ರಶ್ನೆ ಇನ್ನೂ ಹಾಗೇ ಇತ್ತು. ಬ್ರೇಕ್ ಸಿಕ್ಕಿಕೊಂಡಿದೆ ಎಂದ ಮಾತ್ರಕ್ಕೆ ಎಂಜಿನ್ ಸರಿಯಿದೆ ಎಂದಾಗುವುದಿಲ್ಲ. ಈಗ ಖರ್ಚು ಗೊತ್ತಿರುವುದರಿಂದ ಸಂಬಳ ಕಂಡುಹಿಡಿಯಬಹುದು. ವೇಗ ಹೆಚ್ಚಿಸಲು 1,250, ತಡೆ ಮೀರಲು 490, ಒಟ್ಟು 1,740 ನ್ಯೂಟನ್. ಇದರ ಜೊತೆ ಚಕ್ರ, ಗೇರು, ಫ್ಲೈವೀಲುಗಳನ್ನು ತಿರುಗಿಸಿ ವೇಗಕ್ಕೆ ತರಲೂ ಬಲ ಬೇಕು. ಎರಡನೇ ಗೇರಿನಲ್ಲಿ ಇದು ಗಾಡಿಯ ತೂಕ ನೂರಕ್ಕೆ 8ರಷ್ಟು ಹೆಚ್ಚಿದ್ದಂತೆ ಎಂದು ಹಿಡಿದರೆ ಇನ್ನೊಂದು 100. ಒಟ್ಟು 1,840. 11.1ರಿಂದ ಗುಣಿಸಿದರೆ 20.4 ಕಿಲೋವ್ಯಾಟ್, 28 ಎಚ್‌ಪಿ. ಇದು ಚಕ್ರಕ್ಕೆ ಮುಟ್ಟಿದ್ದು. ಎಂಜಿನ್ನಿನಿಂದ ಚಕ್ರಕ್ಕೆ ಬರುವ ದಾರಿಯಲ್ಲಿ ನೂರಕ್ಕೆ 12ರಷ್ಟು ಸೋರಿಕೆ ಎಂದು ಹಿಡಿದರೆ ಎಂಜಿನ್ ಕೊಟ್ಟದ್ದು 31 ಅಥವಾ 32. ಅದೂ ಎಂಜಿನ್ ಇನ್ನೂ 5,000 ಸುತ್ತಿಗೆ ಏರದೆ ಇರುವಾಗ. ಮುಳ್ಳು ಓದುವುದರಲ್ಲಿ ಒಂದು ಕಿ.ಮೀ. ಆಚೀಚೆ ಆದರೆ ಉತ್ತರ ನೂರಕ್ಕೆ 7ರಷ್ಟು ಅತ್ತಿತ್ತ ಆಗುತ್ತದೆ, ಹಾಗಾಗಿ 31 ಎಂಬುದು 29 ಇರಬಹುದು, 33 ಇರಬಹುದು. 19 ಆಗಿರಲು ಸಾಧ್ಯವಿಲ್ಲ. ಬಿಚ್ಚಿ ಬೋರ್ ಮಾಡಿಸಬೇಕಾದ ಎಂಜಿನ್ ಹೀಗೆ ಎಳೆಯುವುದಿಲ್ಲ.

ಉಪ್ಪ ಕೇಳಿದರು, “ಹಾಗಾದ್ರೆ ಆ ಏರು ಯಾಕೆ ಹತ್ತುದಿಲ್ಲ?”

ಒಳ್ಳೆಯ ಪ್ರಶ್ನೆ. ಅದಕ್ಕೂ ಲೆಕ್ಕ ಇದೆ. ಸಂಜೆ ಆ ಏರಿನಲ್ಲಿ ಹಲಗೆಯೊಂದನ್ನು ಇಟ್ಟು, ಅದರ ಮೇಲೆ ಫೋನಿನ ಮಟ್ಟ ನೋಡುವ ಆ್ಯಪ್ ಇಟ್ಟು ನೋಡಿದೆ. 7 ಡಿಗ್ರಿ. ಎಂಟು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಗಾಡಿಯಲ್ಲಿ ಉಪ್ಪ, ಏಳು ಮಕ್ಕಳು, ಅವರ ಚೀಲಗಳು. (ಚೀಲಗಳನ್ನೂ ತೂಕ ಹಾಕಿದ್ದೇನೆ. ನಾಲ್ಕನೇ ತರಗತಿಯ ಒಬ್ಬನ ಚೀಲ 6 ಕೆ.ಜಿ. ಇತ್ತು, ಅದರ ಬಗ್ಗೆ ಬೇರೆಯೇ ಲೇಖನ ಬರೆಯಬಹುದು.) ಒಟ್ಟು ಸುಮಾರು 1,150 ಕೆ.ಜಿ. ಏರಿನಲ್ಲಿ ಗಾಡಿಯನ್ನು ಹಿಂದಕ್ಕೆ ಎಳೆಯುವ ಭಾರ, 1,150 × 9.8 ÷ 8, ಅಂದರೆ ಸುಮಾರು 1,410 ನ್ಯೂಟನ್. ಸಾಧಾರಣ ತಡೆ 220. ಸೇರಿ 1,630. ಎರಡನೇ ಗೇರಿನಲ್ಲಿ ಚಕ್ರಕ್ಕೆ ಸಿಗುವುದು 1,840. ಹತ್ತುತ್ತದೆ, ಸ್ವಲ್ಪ ಉಳಿಯುತ್ತದೆ ಕೂಡ. ಈಗ ಸಿಕ್ಕಿಕೊಂಡ ಬ್ರೇಕಿನ 270 ಸೇರಿಸಿ: 1,900. ಇರುವುದು 1,840. ಹತ್ತುವುದಿಲ್ಲ.

ಇಲ್ಲಿ ನನಗೆ ಮೈ ಜುಂ ಎಂದಿತು. 270 ನ್ಯೂಟನ್ ಎಂದರೆ 27 ಕೆ.ಜಿ. ಅಕ್ಕಿ ಚೀಲದ ಭಾರ, ಅಷ್ಟೆ. ಮಟ್ಟಸ ರಸ್ತೆಯಲ್ಲಿ ಯಾರಿಗೂ ಅದು ತಿಳಿಯಲಿಲ್ಲ. ಏರಿನಲ್ಲಿ ಕೊಡುವುದಕ್ಕೂ ಬೇಡುವುದಕ್ಕೂ ನಡುವೆ ಇದ್ದ ಅಂತರವೇ 210, ಅದನ್ನು ಮೀರಿದ ಕೂಡಲೇ ಗೇರು ಬದಲಾಯಿಸಬೇಕಾಯಿತು. ಉಪ್ಪನಿಗೆ ‘ಎಂಜಿನ್ ಸತ್ತ ಹಾಗೆ’ ಅನ್ನಿಸಿದ್ದು ಅದಕ್ಕೇ.

ಬೇರೆ ಒಬ್ಬ ಮೆಕ್ಯಾನಿಕ್ ಹತ್ತಿರ ಹೋಗುವ ಮೊದಲು ನಾನು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಉಪ್ಪನಿಗೆ ತೋರಿಸಿದೆ: ಬ್ರೇಕ್ ಬಿಟ್ಟ ಮೇಲೆ ಎರಡನೇ ಗೇರಿನಲ್ಲಿ 30ರಿಂದ 50ಕ್ಕೆ 3.3 ಸೆಕೆಂಡ್ ಬರಬೇಕು, ನ್ಯೂಟ್ರಲಿನಲ್ಲಿ 50ರಿಂದ 30ಕ್ಕೆ 22 ಅಥವಾ 23 ಸೆಕೆಂಡ್. ಮೊದಲೇ ಬರೆದಿಡಬೇಕು ಎಂದದ್ದೂ ಮೇಡಂ. ಉತ್ತರ ನೋಡಿದ ಮೇಲೆ ಎಲ್ಲರೂ ಜಾಣರೇ ಎಂದು ಅವರು ಹೇಳಿದ್ದರು. ಕೇಬಲ್, ಹಿಂದಿನ ಎರಡು ಚಕ್ರಗಳ ಬ್ರೇಕ್ ಶೂ, ಕೂಲಿ, ಎಲ್ಲ ಸೇರಿ 1,900 ರೂಪಾಯಿ ಆಯಿತು. ಟಯರುಗಳಲ್ಲೂ ಗಾಳಿ ಕಡಿಮೆ ಇತ್ತು, ಅದನ್ನೂ ತುಂಬಿಸಿದೆವು.

ಮರುದಿನ ಬೆಳಿಗ್ಗೆ ಅದೇ ರಸ್ತೆ. ವೇಗ ಹೆಚ್ಚಿಸಲು 3.4 ಸೆಕೆಂಡ್. ನ್ಯೂಟ್ರಲಿನಲ್ಲಿ ಗಾಡಿ ಹೋಗುತ್ತಲೇ ಇತ್ತು, ರಸ್ತೆ ಮುಗಿಯುತ್ತದೋ ಎಂದು ನನಗೆ ಭಯವಾಯಿತು. ಎರಡು ಕಡೆಯ ಸರಾಸರಿ 21 ಸೆಕೆಂಡ್. ಅಷ್ಟರಲ್ಲಿ ಗಾಡಿ 230 ಮೀಟರಿಗೂ ಹೆಚ್ಚು ಉರುಳಿತ್ತು. ಮೊದಲು 110 ಮೀಟರಿಗೇ ಸೋಲುತ್ತಿತ್ತು. ಶಾಲೆಯ ಏರನ್ನು ಆ ದಿನ ಏಳು ಮಕ್ಕಳೊಂದಿಗೆ ಎರಡನೇ ಗೇರಿನಲ್ಲೇ ಹತ್ತಿದ್ದಾಗಿ ಉಪ್ಪ ಫೋನ್ ಮಾಡಿ ಹೇಳಿದರು. ನಾನು ತರಗತಿಯಲ್ಲಿದ್ದೆ, ಮನೆಗೆ ಹೋದ ಮೇಲೆ ಉಮ್ಮ ಹೇಳಿ ಗೊತ್ತಾಯಿತು.

ಈ ಮೂರು ಸೂತ್ರ ಕೈಗೆ ಬಂದ ಮೇಲೆ ರಸ್ತೆಯಲ್ಲಿ ಕಾಣುವುದೆಲ್ಲ ಲೆಕ್ಕವಾಗಿಬಿಟ್ಟಿದೆ. ಒಂದನ್ನು ಇಲ್ಲಿ ಹೇಳಲೇಬೇಕು, ಬೈಕ್ ಮತ್ತು ಕಾರು ಓಡಿಸುವ ಅಣ್ಣಂದಿರು ಇರುವ ಎಲ್ಲರಿಗೂ. ಎರಡು ಲೇನಿನ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುವ ಲಾರಿಯನ್ನು ಓಮ್ನಿಯಲ್ಲಿ ಹಿಂದಿಕ್ಕಬೇಕು ಎಂದಿಟ್ಟುಕೊಳ್ಳಿ. ಲಾರಿಯ ಉದ್ದ, ನಮ್ಮ ಉದ್ದ, ಹಿಂದೆ ಮುಂದೆ ಬಿಡಬೇಕಾದ ಅಂತರ ಎಲ್ಲ ಸೇರಿ ಲಾರಿಗಿಂತ 40 ಮೀಟರ್ ಹೆಚ್ಚು ಹೋಗಬೇಕು. ಮೂರನೇ ಗೇರಿನಲ್ಲಿ ನಮ್ಮ ವೇಗೋತ್ಕರ್ಷ 0.8. ದೂರ ಎಂದರೆ ಅರ್ಧ × ವೇಗೋತ್ಕರ್ಷ × ಸಮಯದ ವರ್ಗ, ಇದರಿಂದ ಸಮಯ 10 ಸೆಕೆಂಡ್ ಬರುತ್ತದೆ. ಆ 10 ಸೆಕೆಂಡಿನಲ್ಲಿ ನಾವು ರಸ್ತೆಯ ಮೇಲೆ ಕ್ರಮಿಸುವುದು 150 ಮೀಟರ್. ಎದುರಿನಿಂದ 60 ಕಿ.ಮೀ. ವೇಗದಲ್ಲಿ ಬರುವ ಬಸ್ಸು ಅಷ್ಟರಲ್ಲಿ 167 ಮೀಟರ್ ಬಂದಿರುತ್ತದೆ. ಎರಡನ್ನೂ ಕೂಡಿಸಿ, 317 ಮೀಟರ್. ಅಷ್ಟು ದೂರ ರಸ್ತೆ ಖಾಲಿ ಎಂದು ಕಣ್ಣಿಗೆ ಕಾಣದಿದ್ದರೆ ಹಿಂದಿಕ್ಕಲು ಜಾಗವಿಲ್ಲ. ನಮ್ಮೂರಿನ ತಿರುವುಗಳಲ್ಲಿ 317 ಮೀಟರ್ ಎಲ್ಲಿ ಕಾಣುತ್ತದೆ ಎಂದು ನೀವೇ ನೆನಪಿಸಿಕೊಳ್ಳಿ. ಗಾಡಿ ತುಂಬಿದ್ದರೆ ವೇಗೋತ್ಕರ್ಷ ಇನ್ನೂ ಕಡಿಮೆ, ಬೇಕಾದ ದೂರ ಇನ್ನೂ ಹೆಚ್ಚು. ಮೊದಲು ಒಬ್ಬನೇ ಹೋಗುವಾಗ ಆದದ್ದು, ಕುಟುಂಬದವರನ್ನೆಲ್ಲ ಕೂರಿಸಿಕೊಂಡು ಹೋಗುವಾಗ ಆಗುವುದಿಲ್ಲ.

ಹಣದ ಲೆಕ್ಕ ಹೇಳುತ್ತೇನೆ ಎಂದಿದ್ದೆ. ಉಪ್ಪ ದಿನಕ್ಕೆ ಸುಮಾರು 40 ಕಿ.ಮೀ. ಓಡಿಸುತ್ತಾರೆ. 270 ನ್ಯೂಟನ್ನನ್ನು 40,000 ಮೀಟರಿನಿಂದ ಗುಣಿಸಿದರೆ 1 ಕೋಟಿ 8 ಲಕ್ಷ ಜೂಲ್ ಡ್ರಮ್ಮಿನಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3 ಕೋಟಿ 30 ಲಕ್ಷ ಜೂಲ್ ಇದೆ, ಅದರಲ್ಲಿ ಕಾಲು ಭಾಗ ಮಾತ್ರ ಚಕ್ರಕ್ಕೆ ಬರುತ್ತದೆ ಎಂದು ಹಿಡಿದರೆ ದಿನಕ್ಕೆ 1.3 ಲೀಟರ್ ವ್ಯರ್ಥ. ಲೀಟರಿಗೆ 100 ರೂಪಾಯಿಯಂತೆ ತಿಂಗಳಿಗೆ 25 ದಿನ ಎಂದರೆ 3,250 ರೂಪಾಯಿ. ಉಪ್ಪ ಪೆಟ್ರೋಲ್ ಹಾಕಿಸಿದ್ದನ್ನೆಲ್ಲ ಒಂದು ಪುಟ್ಟ ಡೈರಿಯಲ್ಲಿ ಬರೆಯುತ್ತಾರೆ. ಅದನ್ನು ತೆಗೆದು ನೋಡಿದೆವು. ಮೇ ತಿಂಗಳಿಗೂ ಸೆಪ್ಟೆಂಬರಿಗೂ ವ್ಯತ್ಯಾಸ 2,800.

ಉಪ್ಪ ಡೈರಿ ಮುಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು, “ಇನ್ನು ಮಾಮನ ಸ್ವಿಫ್ಟ್ ಒಂದು ನೋಡ್ಬೇಕಂತೆ, ಭಾನುವಾರ ಫ್ರೀ ಉಂಟಾ?” ಎಂದು ಕೇಳಿದರು. ಭಾನುವಾರ ಕೋಚಿಂಗ್ ಉಂಟು ಎಂದೆ.